ಮಾವ ಬರೆದಿಟ್ಟ ಟ್ರಸ್ಟಿನ ದುಡ್ಡನ್ನು ಇನ್ನೊಬ್ಬ ಟ್ರಸ್ಟಿಗೆ ಸಾಲ ಕೊಡಬಹುದೇ?

ಡೊಂಬಿವಲಿಯ ಅಳಿಯ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನಮ್ಮ ದೊಡ್ಡ ಮಾವ ಹದಿನಾಲ್ಕನೇ ವಯಸ್ಸಿಗೆ ಕಾರ್ಕಳದಿಂದ ಬೊಂಬಾಯಿಗೆ ಬಂದವರು. ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಕೊನೆಗೆ ಘಾಟ್‌ಕೋಪರಿನಲ್ಲಿ ತಮ್ಮದೇ ಸಣ್ಣ ಹೋಟೆಲು ಮಾಡಿದರು. ಮೂರು ವರ್ಷದ ಹಿಂದೆ ತೀರಿಕೊಂಡರು. ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು. ಒಬ್ಬನೇ ಮಗ, ಈಗ 31 ವರ್ಷ. ಬುದ್ಧಿಯ ಬೆಳವಣಿಗೆ ಆರೇಳು ವರ್ಷದ ಮಗುವಿನಷ್ಟು. ಸ್ನಾನ, ಊಟ ತಾನೇ ಮಾಡುತ್ತಾನೆ, ದುಡ್ಡಿನ ವ್ಯವಹಾರ ತಿಳಿಯುವುದಿಲ್ಲ. ಮನೆಯಲ್ಲಿ ಎಲ್ಲರೂ ಅವನನ್ನು ಪುಟ್ಟ ಅಂತಲೇ ಕರೆಯುವುದು. ಮಾವ ಹೋದ ಮೇಲೆ ನನ್ನ ಮನೆಯಲ್ಲೇ ಇದ್ದಾನೆ.

ಮಾವ ಹೋಟೆಲು ಮಾರಿದ ಹಣ, ಮುಲುಂಡಿನ ಫ್ಲ್ಯಾಟು ಎರಡನ್ನೂ ವಿಲ್‌ನಲ್ಲಿ ಪುಟ್ಟನ ಹೆಸರಿನ ಟ್ರಸ್ಟಿಗೆ ಬರೆದಿದ್ದಾರೆ. ಅದನ್ನು ನೋಡಿಕೊಳ್ಳುವ ಟ್ರಸ್ಟಿಗಳು ನಾನು ಮತ್ತು ಚಿಕ್ಕ ಮಾವ. ಪುಟ್ಟ ಇರುವಷ್ಟು ಕಾಲ ಅವನಿಗೆ, ಅವನ ನಂತರ ಉಳಿದದ್ದು ನಮ್ಮಿಬ್ಬರ ಮಕ್ಕಳಿಗೆ ಸಮಪಾಲು. ಎಫ್‌ಡಿ 60 ಲಕ್ಷ, ಎಲ್ಲ ಒಂದೇ ಸಹಕಾರಿ ಬ್ಯಾಂಕಿನಲ್ಲಿ. ಬಡ್ಡಿ, ಬಾಡಿಗೆ ಸೇರಿ ಸೊಸೈಟಿಯ ಮೈಂಟೆನೆನ್ಸ್ ಕಳೆದು ತಿಂಗಳಿಗೆ ಸುಮಾರು 57,000 ಬರುತ್ತದೆ. ಪುಟ್ಟನ ಖರ್ಚು 18,000 ದಾಟದ ಹಾಗೆ ನೋಡಿಕೊಂಡಿದ್ದೇನೆ, ಉಳಿದದ್ದು ಮತ್ತೆ ಎಫ್‌ಡಿ. ಬಾಡಿಗೆ ಮಾತ್ರ ಚಿಕ್ಕ ಮಾವನ ಖಾತೆಗೆ ಹೋಗುತ್ತದೆ, ಪಾರ್ಟಿ ಅವರ ಪರಿಚಯದವರು. ಮೂರು ತಿಂಗಳಿಗೊಮ್ಮೆ ನನಗೆ ಕಳಿಸುತ್ತಾರೆ.

ಈಗ ವಿಷಯ. ಚಿಕ್ಕ ಮಾವನ ಕ್ಯಾಂಟೀನಿನ ಗುತ್ತಿಗೆ ನವೀಕರಣಕ್ಕೆ ಡಿಪಾಸಿಟ್ ಕಟ್ಟಬೇಕಂತೆ. ಟ್ರಸ್ಟಿನಿಂದ 8 ಲಕ್ಷ ಕೊಡು, ಒಂದು ವರ್ಷ, ಬ್ಯಾಂಕ್ 7 ಕೊಟ್ಟರೆ ನಾನು 10 ಕೊಡುತ್ತೇನೆ, ಪುಟ್ಟನಿಗೇ ಲಾಭ ಅಲ್ಲವಾ ಅಂತಾರೆ. ನನ್ನನ್ನು ಎತ್ತಿ ಆಡಿಸಿದವರು. ಚೆಕ್ಕಿಗೆ ಇಬ್ಬರ ಸಹಿ ಬೇಕು. ಅವರು ಆಗಲೇ ಹಾಕಿ ಕಳಿಸಿದ್ದಾರೆ. ಚೆಕ್ಕು ನನ್ನ ಬ್ಯಾಗಿನಲ್ಲಿ ನಾಲ್ಕು ದಿನದಿಂದ ಉಂಟು. ಎಂತ ಮಾಡುವುದು?

ಕ್ಯಾಂಟೀನ್ ಕ್ಯಾಷಿಯರ್:

ಕೊಡಿ ಮಾರಾಯ್ರೆ. ತೀರಿಕೊಂಡವರ ಸ್ವಂತ ತಮ್ಮ ಅಲ್ಲವಾ? ಹತ್ತು ಪರ್ಸೆಂಟ್ ಬೇರೆ ಕೊಡುತ್ತಾರೆ. ಒಂದು ಪ್ರಾಮಿಸರಿ ನೋಟು ಬರೆಸಿಕೊಳ್ಳಿ, ಸಾಕು. ನಾವೆಲ್ಲ ಈ ಊರಿನಲ್ಲಿ ನಿಂತದ್ದೇ ಒಬ್ಬರಿಗೊಬ್ಬರು ಕೈ ಹಿಡಿದು. ನನ್ನ ಮೊದಲ ಖೋಲಿಯ ಡಿಪಾಸಿಟ್ ಕೊಟ್ಟದ್ದು ದಾಯಾದಿಯೊಬ್ಬರು, ಕಾಗದ ಪತ್ರ ಒಂದೂ ಇರಲಿಲ್ಲ.

ವಸಯಿ ಲೈನ್:

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಇಲ್ಲಿ ಇನ್ನೂ ಕಷ್ಟ, ಯಾಕಂದ್ರೆ ಕೊಡ್ತಿರೋದು ನಿಮ್ಮ ದುಡ್ಡಲ್ಲ. ಕೋಡಂಗಿ ಆಗೋದು ಪುಟ್ಟ. ಕೊಡಬೇಡಿ.

ಮುಲುಂಡ್ ವಕೀಲೆ:

ಅಳಿಯನವರೇ, ಚೆಕ್ಕಿಗೆ ಸಹಿ ಹಾಕಬೇಡಿ. ಕಾರಣ ಹೇಳುತ್ತೇನೆ. ಚಿಕ್ಕ ಮಾವನ ಮುಂದೆ ಕೂತಾಗ ನಿಮಗೆ ಇದು ಬೇಕಾಗುತ್ತದೆ.

ನಿಮ್ಮದು ಖಾಸಗಿ ಟ್ರಸ್ಟ್. ಅದಕ್ಕೆ ಅನ್ವಯಿಸುವುದು 1882ರ ಭಾರತೀಯ ಟ್ರಸ್ಟ್ ಕಾಯ್ದೆ. ಹಳೆಯ ಕಾಯ್ದೆ, ಆದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಅದರಲ್ಲೇ ಇದೆ. ಟ್ರಸ್ಟಿನ ಹಣವನ್ನು ತನಗಾಗಲಿ, ಜೊತೆಯ ಟ್ರಸ್ಟಿಗಾಗಲಿ ಅಡಮಾನದ ಮೇಲೋ ವೈಯಕ್ತಿಕ ಜಾಮೀನಿನ ಮೇಲೋ ಕೊಡುವಂತಿಲ್ಲ, ಕಲಂ 54. ಬಡ್ಡಿ ಹತ್ತಾದರೂ ಇಪ್ಪತ್ತಾದರೂ ಅದೇ ಮಾತು. ಟ್ರಸ್ಟಿನ ಆಸ್ತಿಯನ್ನು ಟ್ರಸ್ಟಿ ತನ್ನ ಲಾಭಕ್ಕೆ ಬಳಸಬಾರದು, ಕಲಂ 51. ಬಳಸಿ ವ್ಯಾಪಾರಕ್ಕೆ ಹಾಕಿದರೆ ಏನಾಗುತ್ತದೆ ಅಂತ 23ರಲ್ಲಿ ಬರೆದಿದೆ: ಅರ್ಧ ವರ್ಷಕ್ಕೊಮ್ಮೆ ಕಟ್ಟುವ ಚಕ್ರಬಡ್ಡಿಯನ್ನಾದರೂ ಕೊಡಬೇಕು, ಇಲ್ಲವೇ ಆ ಹಣದಿಂದ ಬಂದ ನಿವ್ವಳ ಲಾಭವನ್ನಾದರೂ ಒಪ್ಪಿಸಬೇಕು. ಯಾವುದು ಬೇಕು ಅಂತ ಆರಿಸುವ ಹಕ್ಕು ಫಲಾನುಭವಿಯದು, ಅಂದರೆ ಯಾರಿಗಾಗಿ ಟ್ರಸ್ಟ್ ಮಾಡಿದ್ದೋ ಅವರದು.

ನನಗೆ ಸಾಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಬಾಡಿಗೆಯ ವಿಚಾರ. ಇಬ್ಬರು ಟ್ರಸ್ಟಿಗಳಿದ್ದರೆ, ವಿಲ್‌ನಲ್ಲಿ ಬೇರೆ ಹೇಳದಿದ್ದರೆ, ಇಬ್ಬರೂ ಸೇರಿಯೇ ನಡೆಸಬೇಕು. ಒಬ್ಬರ ತಪ್ಪಿಗೆ ಇನ್ನೊಬ್ಬರು ಹೊಣೆಯಲ್ಲ ಎನ್ನುವುದು ನಿಜ, ಆದರೆ 26ನೇ ಕಲಂನಲ್ಲಿ ಅದಕ್ಕೆ ವಿನಾಯಿತಿಗಳಿವೆ. ಜೊತೆಯವರ ಕೈಗೆ ಹಣ ಹೋಗಲು ಬಿಟ್ಟು, ಆಮೇಲೆ ಅದು ಏನಾಯಿತು ಎಂದು ಸರಿಯಾಗಿ ವಿಚಾರಿಸದೆ ಕೂತವರು ಹೊಣೆಯಾಗುತ್ತಾರೆ. ನೀವು ಮೂರು ವರ್ಷದಿಂದ ಕೂತಿದ್ದೀರಿ. ಫ್ಲ್ಯಾಟಿನ ಬಾಡಿಗೆಯ ಕರಾರು (ಲೀವ್ ಅಂಡ್ ಲೈಸೆನ್ಸ್) ಯಾರ ಹೆಸರಿನಲ್ಲಿದೆ, ನೋಂದಣಿ ಆಗಿದೆಯೇ ನೋಡಿ. ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳ ಕರಾರಾದರೂ ನೋಂದಣಿ ಕಡ್ಡಾಯ. ಟ್ರಸ್ಟಿನ ಹೆಸರಿಗೇ ಪ್ರತ್ಯೇಕ ಪ್ಯಾನ್, ಪ್ರತ್ಯೇಕ ಖಾತೆ ಇರಲಿ, ಬಾಡಿಗೆ ನೇರ ಅಲ್ಲಿಗೇ ಬೀಳಲಿ.

60 ಲಕ್ಷವನ್ನು ಒಂದೇ ಕಡೆ ಇಟ್ಟದ್ದೂ ಸರಿಯಲ್ಲ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಸಿಗುವುದು ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. 2019ರಲ್ಲಿ ಮುಂಬಯಿಯ ಒಂದು ದೊಡ್ಡ ಸಹಕಾರಿ ಬ್ಯಾಂಕಿನ ಮುಂದೆ ಜನ ಸಾವಿರ ರೂಪಾಯಿಗಾಗಿ ಸಾಲು ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಎಲ್ಲಿ ಹೂಡಬಹುದು ಎಂದು ವಿಲ್‌ನಲ್ಲಿ ಬರೆದಿದ್ದರೆ ಅದರಂತೆ. ಇಲ್ಲದಿದ್ದರೆ, 2016ರ ತಿದ್ದುಪಡಿಯ ನಂತರ, ಕೇಂದ್ರ ಸರಕಾರ ಅಧಿಸೂಚಿಸಿದ ಹೂಡಿಕೆ ಪತ್ರಗಳಲ್ಲಿ (ಸೆಕ್ಯುರಿಟಿ). ನಿಮ್ಮ ಸಿಎ ಹತ್ತಿರ ಕೂತು ವಿಲ್‌ನ ಆ ಪ್ಯಾರಾ ಓದಿ.

ಕಾಯ್ದೆ ಟ್ರಸ್ಟಿಗಳಿಂದ ದೇವರಂಥ ಬುದ್ಧಿ ಕೇಳುವುದಿಲ್ಲ. ಸಾಧಾರಣ ವಿವೇಕದ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು. 15ನೇ ಕಲಂನ ಕೆಳಗಿನ ಮೊದಲ ಉದಾಹರಣೆ ನಮ್ಮ ಊರಿನದೇ: ಕಲ್ಕತ್ತೆಯ ಟ್ರಸ್ಟಿಯೊಬ್ಬ ಬೊಂಬಾಯಿಯ ಫಲಾನುಭವಿಗೆ ಒಳ್ಳೇ ಹೆಸರಿನವರು ಬರೆದ ಹುಂಡಿಯ (ಚೆಕ್ಕಿನಂಥ ಹಣದ ಪತ್ರ) ಮೂಲಕ, ಕ್ರಮಬದ್ಧವಾಗಿ ಹಣ ಕಳಿಸುತ್ತಾನೆ, ಆದರೆ ಆ ಹುಂಡಿಗೆ ಹಣ ಸಿಗುವುದಿಲ್ಲ. ಆ ನಷ್ಟ ಅವನ ತಲೆಗೆ ಬರುವುದಿಲ್ಲ. ಜಾಗ್ರತೆ ಮಾಡಿಯೂ ಹೋದರೆ ಕ್ಷಮೆ ಇದೆ. ನೋಡದೇ ಇದ್ದುದಕ್ಕೆ ಇಲ್ಲ.

ಕ್ಯಾಂಟೀನ್ ಕ್ಯಾಷಿಯರ್:

ಅಕ್ಕಾ, ಒಪ್ಪಿದೆ. ಆದರೆ ಇವರು ಮೂರು ವರ್ಷ ದುಡಿದದ್ದಕ್ಕೆ ಏನೂ ಇಲ್ಲವಾ? ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಅಂತ ಹಿರಿಯರೇ ಹೇಳಿದ್ದಾರೆ. ಮತ್ತೆ ಇಷ್ಟು ಹೊಣೆ ಹೊತ್ತು ಯಾರು ಟ್ರಸ್ಟಿ ಆಗುತ್ತಾರೆ? ಬೇಡ ಅಂತ ಪತ್ರ ಕೊಟ್ಟು ಹೊರಗೆ ಬರಬಹುದಲ್ಲ.

ಮುಲುಂಡ್ ವಕೀಲೆ:

ಆ ಗಾದೆ ಇಲ್ಲಿ ನಡೆಯುವುದಿಲ್ಲ. ವಿಲ್‌ನಲ್ಲಿ ಸಂಭಾವನೆ ಬರೆದಿಲ್ಲದಿದ್ದರೆ ದುಡಿಮೆಗೆ ಕೂಲಿ ಇಲ್ಲ. ಕೈಯಿಂದ ಹಾಕಿದ ನ್ಯಾಯವಾದ ಖರ್ಚನ್ನು, ಅಂದರೆ ರಿಕ್ಷಾ, ಸ್ಟಾಂಪು, ಸಿಎ ಫೀಸು ಇಂಥದ್ದನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಹೊರಬರುವುದೂ ಬರೀ ಪತ್ರದಿಂದ ಆಗುವುದಿಲ್ಲ. ಒಮ್ಮೆ ಒಪ್ಪಿಕೊಂಡ ಮೇಲೆ ಕೋರ್ಟಿನ ಅನುಮತಿ ಬೇಕು, ಅಥವಾ ಕರಾರು ಮಾಡಲು ಶಕ್ತನಾದ ಫಲಾನುಭವಿಯ ಒಪ್ಪಿಗೆ ಬೇಕು, ಅಥವಾ ವಿಲ್‌ನಲ್ಲೇ ಅಂಥ ಅಧಿಕಾರ ಕೊಟ್ಟಿರಬೇಕು. ಪುಟ್ಟ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ.

ಇನ್ನೊಂದು ಮಾತು. ಟ್ರಸ್ಟಿಯ ಕೈಯಲ್ಲಿರುವ ಆಸ್ತಿಯ ಲೆಕ್ಕ ಕೇಳುವ ದಾವೆಗೆ ಕಾಲಮಿತಿಯೇ ಇಲ್ಲ, 1963ರ ಕಾಲಮಿತಿ ಕಾಯ್ದೆಯ ಕಲಂ 10. ಮೂವತ್ತು ವರ್ಷದ ನಂತರವೂ ಕೇಳಬಹುದು. ಹಾಗಾಗಿ ಪಾಸ್‌ಬುಕ್ಕು, ಬಿಲ್ಲು ಯಾವುದನ್ನೂ ರದ್ದಿಗೆ ಹಾಕಬೇಡಿ.

ಮಾಟುಂಗಾದ ನಿವೃತ್ತ:

ನಾನು ಒಂದು ರಾತ್ರಿ ಶಾಲೆಯ ಟ್ರಸ್ಟಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ನಮ್ಮದರಲ್ಲಿ ಟ್ರಸ್ಟಿ ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಹಾಕಬೇಕು, ಜಾಗ ಮಾರಬೇಕಾದರೆ ಚ್ಯಾರಿಟಿ ಕಮಿಷನರ್ ಅನುಮತಿ ಬೇಕು. ನಾವು ಹಾಕಲಿಲ್ಲ. ತೀರಿಕೊಂಡ ಐವರ ಹೆಸರು ವರ್ಷಗಟ್ಟಲೆ ರಿಜಿಸ್ಟರಿನಲ್ಲೇ ಉಳಿಯಿತು. ಬ್ಯಾಂಕು ಕೇಳಿದಾಗ ಸಹಿ ಹಾಕಲು ಯಾರಿಗೂ ಅಧಿಕಾರ ಇಲ್ಲದಂತಾಯಿತು, ಹುಡುಗರ ಪುಸ್ತಕದ ಹಣ ಒಂದು ಶೈಕ್ಷಣಿಕ ವರ್ಷ ಪೂರ್ತಿ ಸಿಕ್ಕಿಕೊಂಡಿತು. ಅದು ನಮ್ಮದೇ ತಪ್ಪು. ಇವರೂ ವರಳಿಯ ಚ್ಯಾರಿಟಿ ಕಮಿಷನರ್ ಆಫೀಸಿಗೆ ಹೋಗಬೇಕಲ್ಲವೇ?

ಮುಲುಂಡ್ ವಕೀಲೆ:

ಇಲ್ಲ ಅಣ್ಣ. ನೀವು ಹೇಳುವುದು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ: ಶಾಲೆ, ದೇವಸ್ಥಾನ, ಸಂಘದಂಥ ಸಾರ್ವಜನಿಕ ಉದ್ದೇಶಕ್ಕೆ. ಪುಟ್ಟನದು ಒಂದು ಕುಟುಂಬದೊಳಗಿನದು. ಗೊಂದಲ ಬಂದರೆ ಇವರು ಸಿವಿಲ್ ಕೋರ್ಟಿನ ಅಭಿಪ್ರಾಯ ಕೇಳಬಹುದು, ಕಲಂ 34.

ಮಾಟುಂಗಾದ ನಿವೃತ್ತ:

ಸರಿ ತಂಗಿ, ತಿಳಿಯಿತು. ಅಳಿಯನವರಿಗೆ ಒಂದು ಹಳೆಯ ಮಾತು ಹೇಳುತ್ತೇನೆ. ನಮ್ಮ ಕಡೆ ಅಳಿಯಸಂತಾನದ ಮನೆಗಳಲ್ಲಿ ಯಜಮಾನ ಅಂತ ಇರುತ್ತಿದ್ದರು. ಗದ್ದೆ, ಗೇಣಿ, ಕಂಬಳದ ಖರ್ಚು ಎಲ್ಲ ಅವರ ಕೈಯಲ್ಲೇ. ಆದರೆ ಆಸ್ತಿ ಕುಟುಂಬದ್ದು, ತಂಗಿಯರ ಮಕ್ಕಳದ್ದು. ನನ್ನ ಅಜ್ಜಿಯ ಅಣ್ಣ ಹಾಗೆ ಯಜಮಾನರಾಗಿದ್ದರು. ಕೊಯ್ಲಾದ ಮೇಲೆ ಮುಡಿ ಕಟ್ಟಿದ ಅಕ್ಕಿಯನ್ನು ಚಾವಡಿಯಲ್ಲಿ ಸಾಲಾಗಿ ಇಡಿಸಿ, ಮನೆಯ ಹೆಂಗಸರನ್ನೆಲ್ಲ ಕರೆದು, ಇಷ್ಟು ಬಂತು, ಇಷ್ಟು ಗೇಣಿಗೆ, ಇಷ್ಟು ಬಿತ್ತಕ್ಕೆ ಅಂತ ಗಟ್ಟಿಯಾಗಿ ಹೇಳುತ್ತಿದ್ದರಂತೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ನಿಮ್ಮ ದೊಡ್ಡ ಮಾವ ತಮ್ಮನ ಜೊತೆಗೆ ಅಳಿಯನನ್ನೂ ಹಾಕಿದ್ದು ಸುಮ್ಮನೆ ಅಲ್ಲ.

ಪುಣೆ ವಿಜಾಪುರ:

ನಾ ಟ್ರಸ್ಟಿ ಅಲ್ರೀ, ಫಲಾನುಭವಿ ಆಗಿದ್ದಾಕಿ. ಆ ಕಡೀದೂ ಒಂದೀಟು ಕೇಳ್ರಿ.

ನಮ್ಮ ಅಪ್ಪಾರು ನಾ ಒಂಬತ್ತು ವರ್ಷದಾಕಿ ಇದ್ದಾಗ ತೀರಿಕೊಂಡ್ರು. ನನ್ನ ಓದು, ಮದುವಿಗೆ ಅಂತ ಟ್ರಸ್ಟ್ ಬರದಿಟ್ಟಿದ್ರು, ಕಾಕಾ ಟ್ರಸ್ಟಿ. ಕಾಕಾ ಒಂದು ಪೈಸಾ ತಿಂದಿಲ್ಲ, ಇದನ್ನ ನಾ ಯಾರ ಮುಂದೂ ಹೇಳ್ತೀನಿ. ಆದ್ರ ನನಗ ಹೇಳಲೇ ಇಲ್ಲ. ಪಿಯುಸಿ ಆದ ಮ್ಯಾಲೆ ಪುಣೆದಾಗ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಫೀಸು ನೋಡಿ ಅವ್ವ ಅಳಾಕ ಹತ್ತಿದ್ಲು. ಮನಿಯಾಗ ರೊಕ್ಕ ಇಲ್ಲ ಅಂತ ತಿಳಕೊಂಡು ನಾನೇ ಬ್ಯಾಡ ಅಂದೆ, ಬಿಎ ಸೇರಿದೆ. ಕಾಕಾ ಸುಮ್ಮನ ಕುಂತಿದ್ರು. ರೊಕ್ಕ ಉಳದ್ರ ಹುಡುಗಿ ಮದುವಿ ಚಲೋ ಆಗ್ತದ ಅಂತ ಅವರ ವಿಚಾರ.

ಇಪ್ಪತ್ನಾಲ್ಕಕ್ಕ ಒಂದು ದಿನ ಟ್ರಂಕಿನಾಗ ಟ್ರಸ್ಟ್ ಡೀಡ್ ಸಿಕ್ತು. ಮೊದಲನೇ ಉದ್ದೇಶ ಅಂತ "ಉನ್ನತ ಶಿಕ್ಷಣ" ಬರದಿತ್ತು, ಅಪ್ಪನ ಸಹಿ. ಲೆಕ್ಕ ನೋಡೂ ಹಕ್ಕು, ನಕಲು ತಗೊಳ್ಳೂ ಹಕ್ಕು ನನಗ ಇತ್ತು ಅಂತ ಆಮ್ಯಾಲೆ ವಕೀಲರು ಹೇಳಿದ್ರು. ಕಾಕಾ ಲೆಕ್ಕ ತಂದು ನನ್ನ ಮುಂದ ಇಟ್ರು, ಎಲ್ಲಾ ಸರಿ ಇತ್ತು, ಒಂದು ರೂಪಾಯಿ ಹೆಚ್ಚು ಕಡಿಮಿ ಇಲ್ಲ. ಅದನ್ನ ನೋಡಿ ನನಗ ಇನ್ನೂ ಹೆಚ್ಚು ಅಳು ಬಂತು. ಬ್ಯಾಂಕಿನಾಗ ರೊಕ್ಕ ಬೆಳದಿತ್ತು. ನಾ ಮಾತ್ರ ನಾ ಇದ್ದಲ್ಲೇ ಇದ್ದೆ.

ವಸಯಿ ಲೈನ್:

ಓದಿ ಏನು ಹೇಳಬೇಕು ಅಂತ ಗೊತ್ತಾಗ್ತಿಲ್ಲ ಅಕ್ಕ. ಬರೆದದ್ದಕ್ಕೆ ಥ್ಯಾಂಕ್ಸ್.

ಠಾಣೆಯ ಅಮ್ಮ:

ವಿಜಾಪುರದ ತಂಗಿ ಬರೆದ ಮೇಲೆ ನನಗೂ ಧೈರ್ಯ ಬಂತು. ನನ್ನ ಮಗನಿಗೆ 27, ಆಟಿಸಂ ಇದೆ. ನಮ್ಮ ನಂತರ ಅವನು ಯಾರ ಕೈಯಲ್ಲಿ ಎಂಬ ಪ್ರಶ್ನೆ ಇಟ್ಟುಕೊಂಡೇ ನಾನೂ ನನ್ನ ಯಜಮಾನರೂ ದಿನಾ ಮಲಗುತ್ತೇವೆ. ಅದಕ್ಕೇ ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

57,000 ಬರುವಲ್ಲಿ 18,000 ಖರ್ಚು ಮಾಡಿ ಉಳಿಸಿದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಪುಟ್ಟ ದಿನವಿಡೀ ಏನು ಮಾಡುತ್ತಾನೆ? ಯಾವುದಾದರೂ ವರ್ಕ್‌ಶಾಪಿಗೆ ಹೋಗುತ್ತಾನೆಯೇ? ಸ್ನೇಹಿತರಿದ್ದಾರೆಯೇ? ಹಲ್ಲು ಯಾವಾಗ ತೋರಿಸಿದ್ದು? ಕಣ್ಣು? ನಮ್ಮ ಮಕ್ಕಳು ನೋಯುತ್ತದೆ ಎಂದು ಹೇಳುವುದಿಲ್ಲ, ಕಾಣುವುದಿಲ್ಲ ಎಂದೂ ಹೇಳುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ ಇದ್ದರೆ ಎಲ್ಲರಿಗೂ ಹಾಗೇ ಎಂದುಕೊಳ್ಳುತ್ತವೆ.

ಇನ್ನೊಂದು. ಪುಟ್ಟನ ನಂತರ ಉಳಿದದ್ದು ನಿಮ್ಮಿಬ್ಬರ ಮಕ್ಕಳಿಗೆ. ಅಂದರೆ ಪುಟ್ಟನಿಗೆ ಖರ್ಚು ಮಾಡದೆ ಉಳಿಸಿದ ಒಂದೊಂದು ರೂಪಾಯಿಯೂ ಕೊನೆಗೆ ಹೋಗುವುದು ಎಲ್ಲಿಗೆ? ನೀವು ಅದಕ್ಕಾಗಿ ಉಳಿಸಿದಿರಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ನಿಮ್ಮ ಮಾತಿನಲ್ಲೇ ನಿಮ್ಮ ಮನಸ್ಸು ಕಾಣುತ್ತದೆ. ಆದರೆ ಚಿಕ್ಕ ಮಾವನ ಸಾಲ ನಿಮಗೆ ಕಾಣಿಸಿತು, ಇದು ಕಾಣಿಸಿಲ್ಲ. ಮಾವ ಟೇಬಲ್ ಒರೆಸಿ ಕೂಡಿಸಿದ್ದು ಎಫ್‌ಡಿ ರಸೀದಿಗಾಗಿ ಅಲ್ಲವಲ್ಲ.

ಉಪಯೋಗಕ್ಕೆ ಬರುವ ಮಾತೂ ಒಂದಿದೆ. ಟ್ರಸ್ಟಿ ಬೇರೆ, ಗಾರ್ಡಿಯನ್ ಬೇರೆ. ಪುಟ್ಟನಿಗೆ 18 ದಾಟಿರುವುದರಿಂದ ಆಸ್ಪತ್ರೆ, ಬ್ಯಾಂಕು, ಆಧಾರ್ ಎಲ್ಲಿ ಹೋದರೂ ಅವನ ಪರವಾಗಿ ಸಹಿ ಹಾಕುವವರು ಯಾರು ಎಂಬ ಪ್ರಶ್ನೆ ಬರುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಕಲತೆ ಇರುವವರಿಗೆ ಅವರೇ ಗಾರ್ಡಿಯನ್ ನೇಮಿಸುತ್ತಾರೆ. ನಿಮಗೆ ಠಾಣೆ ಜಿಲ್ಲೆಯ ಸಮಿತಿ. ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಆಮೇಲೆ ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು. ನ್ಯಾಷನಲ್ ಟ್ರಸ್ಟ್ ಸಂಸ್ಥೆಯದೇ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿ, ಒಂದು ಲಕ್ಷದವರೆಗೆ ಸಿಗುತ್ತದೆ.

ಡೊಂಬಿವಲಿಯ ಅಳಿಯ:

ಅಕ್ಕಾ, ನಿಮ್ಮ ಬರಹವನ್ನು ನಿನ್ನೆ ರಾತ್ರಿ ಓದಿದೆ. ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಪುಟ್ಟ ಟಿವಿ ಮುಂದೆ ಕೂತದ್ದನ್ನು ನೋಡಿದೆ. ಪರದೆಗೆ ಒಂದು ಗೇಣು ದೂರದಲ್ಲಿ ಕೂರುತ್ತಾನೆ. ಯಾವಾಗಲೂ ಹಾಗೇ ಕೂರುವುದು, ನಾವು ಬೈದು ಹಿಂದೆ ಕೂರಿಸುತ್ತಿದ್ದೆವು. ಈಗ ಹೆಚ್ಚು ಬರೆಯಲು ಆಗುವುದಿಲ್ಲ. ಸ್ವಲ್ಪ ದಿನ ಬಿಟ್ಟು ಬರುತ್ತೇನೆ.

ಡೊಂಬಿವಲಿಯ ಅಳಿಯ (ಎರಡು ತಿಂಗಳ ನಂತರ):

ಕೇಳಿದವರಿಗೆಲ್ಲ ಉತ್ತರ ಕೊಡುವುದು ನನ್ನ ಕರ್ತವ್ಯ.

ಚೆಕ್ಕನ್ನು ಹರಿಯಲಿಲ್ಲ, ಚಿಕ್ಕ ಮಾವನ ಕೈಗೇ ವಾಪಸ್ ಕೊಟ್ಟೆ. ಮಾತನಾಡುವುದನ್ನು ಫೋನಿನಲ್ಲಿ ಮಾಡಲಿಲ್ಲ, ಭಾನುವಾರ ಅವರ ಮನೆಗೆ ಹೋದೆ, ಅತ್ತೆ ನೀರುದೋಸೆ ಹಾಕಿಕೊಟ್ಟರು. ವಕೀಲೆ ಅಕ್ಕ ಬರೆದದ್ದನ್ನು ಕನ್ನಡದಲ್ಲೇ ಓದಿ ಹೇಳಿದೆ. ನನ್ನ ಮೇಲೆ ನಂಬಿಕೆ ಇಲ್ಲವಾ ಅಂದರು. ನನ್ನ ಮೇಲೆಯೂ ಇಲ್ಲ ಮಾವ, ಅದಕ್ಕೇ ಇಬ್ಬರೂ ಕೂತು ಬರೆಯೋಣ ಅಂದೆ. ತುಂಬ ಹೊತ್ತು ಮಾತಾಡಲಿಲ್ಲ. ನಂತರ ಬಾಡಿಗೆಯ ಪಾಸ್‌ಬುಕ್ಕು ತಂದರು. ಮೂರು ವರ್ಷದಲ್ಲಿ ಐದು ತಿಂಗಳ ಬಾಡಿಗೆ ನನಗೆ ಬಂದೇ ಇರಲಿಲ್ಲ. ತಿಂದದ್ದಲ್ಲ, ಅವರ ಖಾತೆಯಲ್ಲಿ ಅವರ ದುಡ್ಡಿನ ಜೊತೆ ಸೇರಿ ಕರಗಿಹೋಗಿತ್ತು. ಅವರಿಗೇ ಅದನ್ನು ನೋಡಿ ನಾಚಿಕೆಯಾಯಿತು. ಬಡ್ಡಿ ಸಮೇತ ಕಂತಿನಲ್ಲಿ ಕಟ್ಟುತ್ತಿದ್ದಾರೆ, ಎರಡು ಕಂತು ಬಂದಿದೆ. ಅವರ ಡಿಪಾಸಿಟ್ಟಿಗೆ ನನ್ನ ಸ್ವಂತ ಉಳಿತಾಯದಿಂದ ಎರಡು ಲಕ್ಷ ಕೊಟ್ಟೆ. ಅದು ನಮ್ಮಿಬ್ಬರ ನಡುವಿನದು. ಕರಾರು ಟ್ರಸ್ಟಿನ ಹೆಸರಿಗೆ ಹೊಸದಾಗಿ ನೋಂದಣಿ ಆಯಿತು, ಎಫ್‌ಡಿಗಳನ್ನು ಅವಧಿ ಮುಗಿದಂತೆ ಹಂಚುತ್ತಿದ್ದೇವೆ, ಗಾರ್ಡಿಯನ್ ಅರ್ಜಿ ಹಾಕಿದ್ದೇನೆ.

ಠಾಣೆಯ ಅಮ್ಮನವರೇ, ಪುಟ್ಟನ ಕಣ್ಣು ತೋರಿಸಿದೆವು. ಎರಡೂ ಕಣ್ಣಿಗೆ ಮೈನಸ್ ಆರರ ಹತ್ತಿರ. ಡಾಕ್ಟರು ಚಿತ್ರದ ಚಾರ್ಟು ಇಟ್ಟು ಪರೀಕ್ಷೆ ಮಾಡಿದರು, ಕೊಡೆ, ದೋಣಿ, ಮೀನು. ಇದು ಹಲವು ವರ್ಷದ್ದು ಅಂದರು. ಮಾವ ಇದ್ದಾಗಿನಿಂದಲೂ ಇರಬೇಕು. ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಹೊರಗೆ ಬಂದವನು ಮೆಟ್ಟಿಲ ಮೇಲೇ ನಿಂತುಬಿಟ್ಟ. ಎದುರಿನ ಕಟ್ಟಡದ ತಂತಿಯ ಮೇಲೆ ಪಾರಿವಾಳ ಕೂತಿದ್ದವು. ಒಂದೊಂದಾಗಿ ಬೆರಳಿಟ್ಟು ಎಣಿಸಿದ, ಒಂಬತ್ತರವರೆಗೆ. ಅವನಿಗೆ ಒಂಬತ್ತರವರೆಗೆ ಎಣಿಸಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಈಗ ವಾರಕ್ಕೆ ಐದು ದಿನ ಒಂದು ವರ್ಕ್‌ಶಾಪಿಗೆ ಹೋಗುತ್ತಾನೆ, ಕಾಗದದ ಕವರು ಅಂಟಿಸುತ್ತಾರೆ. ಹೋಗಿ ಬರಲು ರಿಕ್ಷಾ, ಜೊತೆಗೆ ಒಬ್ಬ ಹುಡುಗ. ತಿಂಗಳ ಖರ್ಚು 41,000ಕ್ಕೆ ಬಂದಿದೆ. ಎರಡು ರೂಲಿನ ದೊಡ್ಡ ಪುಸ್ತಕ ತಂದಿದ್ದೇನೆ, ಪ್ರತಿ ತಿಂಗಳ ಮೊದಲ ಭಾನುವಾರ ಚಿಕ್ಕ ಮಾವ ಬರುತ್ತಾರೆ. ನಾನು ಬಿಲ್ಲು ಓದುತ್ತೇನೆ, ಅವರು ಬರೆಯುತ್ತಾರೆ, ಇಬ್ಬರೂ ಸಹಿ ಹಾಕುತ್ತೇವೆ. ಪುಟ್ಟನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಇದು ನಿನ್ನ ಕನ್ನಡಕದ್ದು, ಇದು ನಿನ್ನ ರಿಕ್ಷಾದ್ದು ಅಂತ ಹೇಳುತ್ತೇವೆ. ಕಳೆದ ಸಲ ರಿಕ್ಷಾದ ಬಿಲ್ಲು ನಾನು ಹೇಳುವ ಮೊದಲೇ ಎತ್ತಿಕೊಟ್ಟ.

ವಕೀಲೆ ಅಕ್ಕಾ, ಒಂದು ಪ್ರಶ್ನೆ ಉಳಿದಿದೆ. ಮೊದಲ ವರ್ಷದ ಔಷಧಿಯ ಬಿಲ್ಲುಗಳು ಸಿಗುತ್ತಿಲ್ಲ. ಮೆಡಿಕಲ್ ಅಂಗಡಿಯವರು ಕಂಪ್ಯೂಟರಿನಿಂದ ಪಟ್ಟಿ ತೆಗೆದುಕೊಡುತ್ತಾರಂತೆ, ಅದು ನಡೆಯುತ್ತದೆಯೇ?

ಮುಲುಂಡ್ ವಕೀಲೆ:

ನಡೆಯುತ್ತದೆ. ಅವರ ಸೀಲು, ಸಹಿ ಹಾಕಿಸಿಕೊಳ್ಳಿ. ಸಿಗದೆ ಹೋದವಕ್ಕೆ ಇಂಥ ತಿಂಗಳ ಬಿಲ್ಲು ಸಿಕ್ಕಿಲ್ಲ ಎಂದು ಪುಸ್ತಕದಲ್ಲೇ ಬರೆದು ಇಬ್ಬರೂ ಸಹಿ ಮಾಡಿ.